ಎಡ ರೆಕ್ಕೆ

ಸಿಂದಗಿ, ಭಾನುವಾರ

ಅತ್ತೆಯವರಿಗೆ ಭಾಗ್ಯಜ್ಯೋತಿಯ ನಮಸ್ಕಾರ.

ನೀವು ತಾಳಿಕೋಟೆಗೆ ಮಗಳ ಮನೆಗೆ ಹೋಗಿ ಎಂಟು ದಿನವಾಯಿತು. ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನನ್ನ ಶಾಲೆಯ ಮಕ್ಕಳಿಗೆ ತೋರಿಸಲು ಕಟ್ಟುತ್ತಿರುವ ಪುಟ್ಟ ವಿಮಾನದ ನಕ್ಷೆ ಚಾಪೆಯಷ್ಟು ದೊಡ್ಡದು. ಅದನ್ನು ಹಾಸಿ ನೀವು ಬಿಸಿ ಶೇಂಗಾ ಹೋಳಿಗೆ ಆರಲಿಟ್ಟಿರಿ. ಎಣ್ಣೆ ಇಳಿದದ್ದು ಕಂಡು ನಾನು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. “ಹಾಳಿ ದೊಡ್ಡದಿತ್ತವಾ, ಹೋಳಿಗಿ ಆರಲಿ ಅಂತ ಹಾಸೀನಿ” ಎಂದಷ್ಟೇ ಹೇಳಿ ಚೀಲ ಹಿಡಿದು ಹೊರಟಿರಿ.

ನಕ್ಷೆಯಲ್ಲಿರುವುದು ಬಲ ರೆಕ್ಕೆ ಮಾತ್ರ. ಎಡ ರೆಕ್ಕೆಯನ್ನು ಅದನ್ನೇ ತಿರುವಿ ನಾವೇ ಬರೆದುಕೊಳ್ಳಬೇಕು. ಇದಕ್ಕೆ ಎರಡು ದಿನ ಹಿಡಿಯುತ್ತದೆ ಅಂದುಕೊಂಡಿದ್ದೆ. ನಿನ್ನೆ ಹಾಳೆ ಮಗುಚಿದರೆ, ನಿಮ್ಮ ಹೋಳಿಗೆ ಇದ್ದಲ್ಲೆಲ್ಲ ಹಾಳೆ ಎಣ್ಣೆ ಕುಡಿದು ಗೆರೆಗಳು ಹಿಂದಿನಿಂದಲೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅವುಗಳ ಮೇಲೆಯೇ ಕಡ್ಡಿ ಜೋಡಿಸಿ ಸಂಜೆಯೊಳಗೆ ಎಡ ರೆಕ್ಕೆ ಕಟ್ಟಿದೆ.

ತುದಿ ಮಾತ್ರ ಉಳಿದಿದೆ. ಅಲ್ಲಿಗೆ ಹೋಳಿಗೆ ಮುಟ್ಟಿರಲಿಲ್ಲ.

ಕುಸುಬಿ ಎಣ್ಣೆಯ ಡಬ್ಬಿ ನೀವಿಟ್ಟಲ್ಲೇ ಇದೆ. ನಾನು ತೆಗೆದಿಲ್ಲ. ಶನಿವಾರ ಮುಂಜಾನೆಯ ಬಸ್ಸಿಗೆ ಬನ್ನಿ, ನಿಲ್ದಾಣಕ್ಕೆ ನಾನೇ ಬರುತ್ತೇನೆ. ಆ ತುದಿಗೆ ನೀವೇ ಎಣ್ಣೆ ಹಚ್ಚಬೇಕು.

ನಿಮ್ಮ ಸೊಸೆ,
ಭಾಗ್ಯಜ್ಯೋತಿ