ಹೆದರಲಿಲ್ಲ ಎಂದು ಬರೆದ ಪುಟ

೧೪ ಅಕ್ಟೋಬರ್, ಮಂಗಳವಾರ. ಬಂಕಾಪುರ.

ಮಗಳು ವಿದ್ಯಾ ನಾಳೆ ಒಬ್ಬಳೇ ಮುಂಬೈಗೆ ನರ್ಸಿಂಗ್ ಕೆಲಸದ ಸಂದರ್ಶನಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ನಾನು ಬೇಡವೆಂದೆ. ಸಂಜೆ ಅವಳು ನನ್ನ ಹಳೆಯ ಪ್ರವಾಸದ ಡೈರಿ ತಂದು ಗಟ್ಟಿಯಾಗಿ ಓದಿದಳು: "ಮುಂಬೈಯ ದಾದರ್ ಸ್ಟೇಶನ್ನಿನಲ್ಲಿ ಅಕ್ಕನ ಕೈ ತಪ್ಪಿತು. ಒಬ್ಬಳೇ ತಿರುಗಾಡಿದೆ. ಸ್ವಲ್ಪವೂ ಹೆದರಲಿಲ್ಲ."

"ನೀ ತಿರುಗ್ಯಾಡಿದ್ದಿ, ನನಗ್ಯಾಕ ಬ್ಯಾಡ ಅಂತಿ, ಅವ್ವಾ?"

ಸಿಟ್ಟು ಬಂದು ಡೈರಿ ಕಸಿದುಕೊಂಡೆ. ನನ್ನಪ್ಪ ಓದಿದರೆ ಮತ್ತೆಲ್ಲೂ ಕಳಿಸಲಾರನೆಂದು ಹಾಗೆ ಬರೆದಿದ್ದೆ. ಅವತ್ತು ಪ್ಲಾಟ್‌ಫಾರ್ಮಿನ ಕಂಬ ತಬ್ಬಿಕೊಂಡು ಅತ್ತಿದ್ದೆ. ಅದನ್ನು ಇವತ್ತೇ ಮೊದಲು ಬಾಯಿಬಿಟ್ಟು ಮಗಳಿಗೆ ಹೇಳಿದ್ದು.

ವಿದ್ಯಾ ಹತ್ತಿರ ಬಂದು ಕೂತಳು. ಆಮೇಲೆ, "ಮತ್ತ ಹೆಂಗ ಬಂದಿ?" ಎಂದಳು.

"ಮೀನ ಮಾರಾಕಿ ಒಬ್ಬಾಕಿ ಕೈ ಹಿಡದು ಅಕ್ಕನ ಹತ್ರ ಮುಟ್ಟಿಸಿದ್ಲು."

"ನನಗೂ ಯಾರರ ಸಿಗ್ತಾರ ಬಿಡು."

ಒಳಗೆ ಅವಳು ಬ್ಯಾಗು ತುಂಬುತ್ತಿದ್ದಾಳೆ. ನಾನು ಹೋಗು ಎಂದಿಲ್ಲ. ರೊಟ್ಟಿ ಮಾತ್ರ ಹೆಚ್ಚಿಗೆ ಬಡಿದಿಟ್ಟಿದ್ದೇನೆ.