ವಾರ್ಡನ್ ಪುಸ್ತಕದ ಖಾಲಿ ಕಾಲಂ

ಗಾವಡಗೆರೆ
೧೧-೮-೨೦೨೪, ಭಾನುವಾರ

ಪ್ರೀತಿಯ ಸಂಘಮಿತ್ರ,

ಕೆಮ್ಮು ವಾಸಿಯಾಯಿತೇ? ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಬೇಡ. ಫೋನಿನಲ್ಲಿ ನೀನು "ಅಪ್ಪಂಗೆ ಕೊಡಿ" ಎನ್ನುವಷ್ಟರಲ್ಲಿ ನನ್ನ ಮಾತು ಮುಗಿದಿರುತ್ತದೆ, ಅದಕ್ಕೇ ಈ ಕಾಗದ. ನಿಮ್ಮಪ್ಪ ಚೆನ್ನಾಗಿದ್ದಾರೆ. ಅಜ್ಜಿಗೆ ಮಂಡಿನೋವು ಇದ್ದದ್ದೇ, ಬಾಯಿ ಮಾತ್ರ ಗಟ್ಟಿಯಾಗಿದೆ. ಹೊಗೆಸೊಪ್ಪು ಮುರಿದು ಮುರಿದು ಕೈಯೆಲ್ಲ ಅಂಟು. ಕಾಗದದ ಮೇಲಿನ ಕಂದು ಗುರುತು ಅದರದೇ, ಬೈಯಬೇಡ.

ದೊಡ್ಡ ಸುದ್ದಿ ಕೇಳು. ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದ ನಾನು ಮತ್ತೆ ಪರೀಕ್ಷೆ ಕಟ್ಟಿದ್ದೇನೆ. ಸಂಜೆ ಗೌರೀಶ್ ಮೇಷ್ಟ್ರ ಮನೆಯಲ್ಲಿ ಪಾಠ. ನೀನು ಬಿಟ್ಟುಹೋದ ಗ್ರಾಮರ್ ಪುಸ್ತಕವನ್ನು ಕೇಳದೆ ತೆಗೆದುಕೊಂಡಿದ್ದೇನೆ. ಈ ವಾರ ಸರ್ವನಾಮ. ಅಬ್ಬಬ್ಬಾ, ಎಷ್ಟು ಬಗೆ ಕಣಮ್ಮ! ಹೆಸರಿನ ಬದಲಿಗೆ ಹಿ, ಶಿ, ದೇ. ನನ್ನದು ನಿನ್ನದು ಎನ್ನಲು ಮೈನ್, ಯುವರ್ಸ್. ತೋರಿಸಲು ದಿಸ್, ದಟ್. ಕೇಳಲು ಹೂ, ವಾಟ್. ಯಾರೆಂದು ಗೊತ್ತಿಲ್ಲದಿದ್ದರೆ ಸಮ್‌ಒನ್. ಇನ್ನು ಮೈಸೆಲ್ಫ್ ಇದೆಯಲ್ಲ, "ಮೈಸೆಲ್ಫ್ ಗೌತಮಿ" ಎಂದು ಪರಿಚಯ ಹೇಳಿಕೊಳ್ಳಬಾರದಂತೆ. ಊರೆಲ್ಲ ಹಾಗೇ ಹೇಳುತ್ತದಲ್ಲ?

ನನಗೆ ಸೋಜಿಗವಾದದ್ದು ಯೂ. ದೊಡ್ಡವರಿಗೂ ಅದೇ, ಚಿಕ್ಕವರಿಗೂ ಅದೇ. ಕಡ್ಡಿಗೆ ಸೊಪ್ಪು ಕಟ್ಟುತ್ತ ಅಜ್ಜಿಗೆ ಹೇಳಿದೆ. "ಅಂಗಾದ್ರೆ ಬೀಗ್ರಿಗೂ ಯೂ, ನಾಯಿಗೂ ಯೂನಾ? ಇದ್ಯಾವ ಸೀಮೆ ಭಾಸೆ ಕಣವ್ವ, ಬುಡು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿನ್ನೆ ಮೇಷ್ಟ್ರು, ಮನೆಯವರೊಬ್ಬರ ಬಗ್ಗೆ ಐದು ವಾಕ್ಯ ಬರೆಯಿರಿ ಎಂದರು. ನಾನು ನಿನ್ನ ಬಗ್ಗೆ ಬರೆದೆ. ಸಂಘಮಿತ್ರ ಪಿಯುಸಿ ಓದುತ್ತಾಳೆ, ಶಿ ಚೆನ್ನಾಗಿ ಹಾಡುತ್ತಾಳೆ, ಹೀಗೆ. ಬರೆಯುತ್ತ ಕುತೂಹಲ ಹುಟ್ಟಿತು: ನೀನು ನನ್ನ ಬಗ್ಗೆ ಬರೆದರೆ ಮೊದಲ ವಾಕ್ಯ ಹೇಗೆ ಶುರುಮಾಡುತ್ತೀಯೆ? ನಿಮ್ಮಮ್ಮ ಹೋದ ಎರಡು ವರ್ಷಕ್ಕೆ ನಿಮ್ಮಪ್ಪನನ್ನು ಮದುವೆಯಾಗಿ ಬಂದೆ. ಈಗ ಮೂರು ವರ್ಷ. ಇಷ್ಟು ದಿನದಲ್ಲಿ ನೀನು ನನ್ನನ್ನು ಏನೆಂದೂ ಕರೆದಿಲ್ಲ. ಅಜ್ಜಿಯ ಹತ್ತಿರ "ಅವ್ರು ಉಂಡ್ರಾ?" ಎಂದು ಕೇಳುತ್ತೀಯೆ. ಕೇಳುತ್ತೀಯಲ್ಲ, ಅದೇ ನನಗೆ ಖುಷಿ, ಕೋಪವಿಲ್ಲ. ನಿಮ್ಮಮ್ಮನ ಜಾಗ ನನಗೆ ಬೇಡ. ಅವರ ಫೋಟೋ ದಿನಾ ಒರೆಸುವವಳು ನಾನೇ. ಆದರೂ ಒಮ್ಮೊಮ್ಮೆ ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಒಳಗಿನಿಂದಲೇ ಕೂಗಿ ಆಶೀರ್ವಾದ ಹೇಳಿದ್ದಾರೆ. ಊಟ ಬಿಡಬೇಡ.

ಇಂತಿ,
ಗೌತಮಿ

ತಾ.ಕ.: ಮುಂದಿನ ಭಾನುವಾರ ಹಾಸ್ಟೆಲ್ಲಿನಲ್ಲಿ ಪೋಷಕರ ಸಭೆಯಂತೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ನಿಮ್ಮಪ್ಪ ಕದಲುವಂತಿಲ್ಲ, ಕೆ.ಆರ್. ನಗರದ ಬಸ್ಸು ಹತ್ತಿ ನಾನೇ ಬರುತ್ತೇನೆ. ಹೋದ ಸಲ ವಾರ್ಡನ್ ಪುಸ್ತಕದಲ್ಲಿ "ಸಂಬಂಧ" ಎಂಬ ಕಾಲಮ್ಮಿಗೆ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೆ. ಈ ಸಲ ನೀನೇ ಗೇಟಿಗೆ ಬಾ, ಪೆನ್ನು ನಿನ್ನ ಕೈಗೆ ಕೊಡುತ್ತೇನೆ. ಏನಾದರೂ ಬರಿ, ಖಾಲಿ ಮಾತ್ರ ಬಿಡಬೇಡ.