ಪಾಲಕ ಪಚಡಿಯ ಉಪ್ಪು

ಶ್ರೀ ಶರಣಬಸವೇಶ್ವರ ಪ್ರಸನ್ನ

ಕಲಬುರಗಿ
ನಳ ಸಂವತ್ಸರ, ಮಾರ್ಗಶಿರ ಶುದ್ಧ ದಶಮಿ
ಫಸಲಿ ೧೩೨೬

ಕಮಲಾಪುರದ ಚಿ. ಸೌ. ಕಸ್ತೂರಿಬಾಯಿಗೆ ನಿನ್ನ ಅವ್ವ ನೀಲಗಂಗಮ್ಮ ಮಾಡುವ ಆಶೀರ್ವಾದಗಳು. ನಾವು ಇಲ್ಲಿ ಹೇಗೋ ಇದ್ದೇವೆ. ನೀನು ಅಲ್ಲಿ ಚೆನ್ನಾಗಿದ್ದೀ ಎಂದು ಎರಡು ಸಾಲು ಬಂದರೆ ನಾವೂ ಚೆನ್ನಾಗಿರುತ್ತೇವೆ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಮಸಿ ತರುತ್ತೇನೆಂದು ನಿಮ್ಮಪ್ಪ ಎರಡು ಸಲ ಬಜಾರಿಗೆ ಹೋದರು, ಎರಡು ಸಲವೂ ತಂಬಾಕು ತಂದರು. ಮೂರನೆಯ ಸಲ ನಾನು ಬೆರಳಿಗೆ ದಾರ ಕಟ್ಟಿ ಕಳಿಸಿದೆ. ನನ್ನಪ್ಪ ನನಗೆ ಅಕ್ಷರ ಕಲಿಸುವಾಗ ಓಣಿಯೆಲ್ಲ ನಕ್ಕಿತ್ತು, ನಾನು ನಿನಗೆ ಕಲಿಸುವಾಗಲೂ ನಕ್ಕಿತು. ಈಗ ನಿನಗೂ ನನಗೂ ನಡುವೆ ಆ ಅಕ್ಷರವೊಂದೇ ಉಳಿದಿದೆ.

ಮೊನ್ನೆ ನಿಮ್ಮೂರ ಸಂತೆ ಮುಗಿಸಿಕೊಂಡು ಬಂದ ಬಂಡಿಯ ದೌಲಪ್ಪ ಕೆಂಪು ಬಾಳೆಹಣ್ಣಿನ ಜೊತೆಗೆ ನಿನ್ನ ಸುದ್ದಿಯನ್ನೂ ಇಳಿಸಿದ. ನಿನಗೆ ನಾಲ್ಕು ತಿಂಗಳು ತುಂಬಿ ಐದರಲ್ಲಿ ಬಿದ್ದಿದೆಯಂತೆ. ಮುಖ ಬಿಳಿಚಿಕೊಂಡಿದೆಯಂತೆ, ಹಲ್ಲು ತಿಕ್ಕಿದರೆ ವಸಡಿನಿಂದ ರಕ್ತ ಬರುತ್ತದಂತೆ, ಒಣ ರೊಟ್ಟಿ ಬಿಟ್ಟರೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲವಂತೆ. ಬಾಳೆಗೊನೆ ಇಳಿಸುತ್ತಾ ಅವನು ಇದನ್ನೆಲ್ಲ ಹೇಳುತ್ತಿದ್ದರೆ ನಾನು ಹಣ್ಣು ಎಣಿಸುತ್ತಾ ನಿಂತಿದ್ದೆ. ಎಷ್ಟಾಯಿತೆಂದು ಕೇಳಿದರೆ ಮತ್ತೆ ಮೊದಲಿನಿಂದ ಎಣಿಸಿದೆ.

ಆ ಹೊತ್ತಿಗೇ ದರ್ಗಾದ ಹತ್ತಿರದ ರೋಜಾ ಓಣಿಗೆ ಹೋದೆ, ಖುರ್ಷೀದ್ ಬೇಗಂ ಮನೆಗೆ. ಹಕೀಮರ ಮಗಳು, ನಿನ್ನ ಹೊಕ್ಕುಳ ಬಳ್ಳಿ ಕೊಯ್ದವಳು. ನಿನ್ನ ಹೆಸರು ಹೇಳಿದರೆ ಈಗಲೂ ನನ್ನ ಮಗಳು ಎನ್ನುತ್ತಾಳೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟು: "ಖೂನ್ ಕಮ್ಮಿ ಆಗ್ಯದ, ನೀಲವ್ವಾ. ಥಂಡಿ ದಿನದಾಗ ಹಸೀ ತಪ್ಪಲ ಬ್ಯಾಡ, ಕುದಿಸಿ ಸತ್ವ ತೆಗಿಯೂದೂ ಬ್ಯಾಡ. ಪಾಲಕ ಬರೇ ಬೆಚ್ಚಗ ಮಾಡಿ ಮ್ಯಾಲ ಸಂತ್ರಿ, ಲಿಂಬಿ ಹಾಕಿ ದಿನಾ ಒಂದು ಬಟ್ಟಲ ತಿನ್ನಿಸು."

ನನಗೆ ನಗು ಬಂತು. ಇದು ನಮ್ಮ ಮನೆಯ ಚಳಿಗಾಲದ ಪಚಡಿಯೇ ಅಲ್ಲವೆ? ನಮ್ಮವ್ವ ಮಾಡುವಾಗ ಸಂತ್ರಿ ಇರಲಿಲ್ಲ, ಅಷ್ಟೆ. ಈಗ ನಾಗಪುರದ ಸಂತ್ರಿ ರೈಲಿನಲ್ಲಿ ಬಂದು ಸ್ಟೇಷನ್ನಿನ ಹತ್ತಿರ ಗುಡ್ಡೆ ಬೀಳುತ್ತದೆ. ಆರು ಹಣ್ಣು ದೌಲಪ್ಪನ ಕೈಯಲ್ಲಿ ಕಳಿಸಿದ್ದೇನೆ. ನಿನಗೆ ಮಾಡಲು ಬರುತ್ತದೆಂದು ಗೊತ್ತು. ಆದರೂ ಬರೆಯುತ್ತೇನೆ, ಬರೆಯುವಾಗ ನಿನ್ನ ಒಲೆಯ ಮುಂದೆ ಕುಳಿತಂತಾಗುತ್ತದೆ.

ಎಳೆಯ ಎಲೆಯನ್ನೇ ಆರಿಸಿಕೋ. ಮೂರು ನೀರಿನಲ್ಲಿ ತೊಳೆ, ಮಣ್ಣು ಉಳಿದರೆ ಹಲ್ಲಿಗೆ ಸಿಕ್ಕು ನಿಮ್ಮತ್ತೆ ನನ್ನನ್ನೇ ಬೈಯುತ್ತಾರೆ. ಬಟ್ಟೆಯ ಮೇಲೆ ಹರವಿ ನೀರಾರಿಸಿ ಕೈಯಿಂದ ಹರಿ, ಈಳಿಗೆಗೆ ಹಚ್ಚಬೇಡ. ಸಂತ್ರಿಯ ತೊಳೆಗಳ ಮೇಲಿನ ಬಿಳಿ ಪೊರೆ, ಬೀಜ ತೆಗೆದಿಡು, ಪೊರೆ ಉಳಿದರೆ ಕಹಿ. ಒಲೆಯ ಮೇಲೆ ಕಬ್ಬಿಣದ ಬುಟ್ಟಿಯಿಟ್ಟು ಕುಸುಬಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ ಹಾಕು. ಬೆಳ್ಳುಳ್ಳಿ ಕೆಂಪಾದ ಕೂಡಲೇ ಕೆಳಗಿಳಿಸು. ಆಮೇಲೆ ಎಲೆ ಹಾಕಿ ಎರಡೇ ಎರಡು ಸಲ ಹೊರಳಿಸು. ಎಲೆ ಬಾಡಬೇಕು, ಬೇಯಬಾರದು. ಹುಳಿ ಬಿದ್ದರೆ ಕಬ್ಬಿಣಕ್ಕೆ ಕಪ್ಪಾಗುತ್ತದೆ, ಅದಕ್ಕೆ ಕಲ್ಲಿನ ಬಟ್ಟಲಿಗೆ ಸುರಿದು ಸಂತ್ರಿ ಸೇರಿಸು, ಅರ್ಧ ಲಿಂಬೆ ಹಿಂಡು, ಮೇಲೆ ಶೇಂಗಾದ ಪುಡಿ. ಬಿಸಿಯಿರುವಾಗಲೇ ತಿನ್ನು.

ಉಪ್ಪು ಎಲ್ಲಕ್ಕಿಂತ ಕಡೆಗೆ. ಬುಟ್ಟಿ ತುಂಬ ಇದ್ದ ಎಲೆ ಒಂದು ಹಿಡಿಯಾಗುತ್ತದೆ. ರಾಶಿ ನೋಡಿ ಉಪ್ಪು ಹಾಕಿದರೆ ಕೆಟ್ಟಿತು. ಅಂದಿನ ಹಾಗೆ ಮಾಡಬೇಡ.

ಅಂದು ಎಂದು ಬರೆದೇಬಿಟ್ಟೆ. ಪಚಡಿ ಎಂದರೆ ನಿನಗೆ ಹೋದ ವರ್ಷದ ಚಳಿಗಾಲ ನೆನಪಾಗುತ್ತದೆಂದು ನನಗೆ ಗೊತ್ತಿಲ್ಲವೆ? ಮಗಳ ಮಡಿಲಲ್ಲಿ ಕೂಸು ಆಡುವ ತನಕ ತಾಯಿಯಾದವಳು ಅವಳ ಮನೆಯ ಅನ್ನ ನೀರು ಮುಟ್ಟಬಾರದು. ಇದು ನಮ್ಮ ಹಿರಿಯರು ನಡೆಸಿಕೊಂಡು ಬಂದದ್ದು. ನಾನು ಬಸುರಿ ಮಗಳಿಗೆ ತವರಿನವರು ಮಾಡುವ ಕಳ್ಳ ಕುಬಸಕ್ಕೆಂದು ಬಂದು, ನಿನ್ನ ಅಡುಗೆಮನೆಯಲ್ಲಿ ಪಚಡಿಯ ಉಪ್ಪು ನೋಡಿದೆ. ಮೂರು ವಾರಕ್ಕೆ ನಿನ್ನ ಐದು ತಿಂಗಳ ಬಸುರು ಇಳಿಯಿತು. ನಿಮ್ಮತ್ತೆ ಸೂಗಮ್ಮನವರು ಹೇಳಿ ಕಳಿಸಿದ್ದು ಇನ್ನೂ ಕಿವಿಯಲ್ಲಿದೆ: "ಕೂಸು ತೊಟ್ಟಿಲಿಗಿ ಬರೂತನಾ ಬೀಗತಿ ನಮ್ಮ ಹೊಸ್ತಿಲ ದಾಟಬಾರದು."

ದಾಟಿಲ್ಲ, ದಾಟುವುದೂ ಇಲ್ಲ. ಬಂಡಿಯ ಅಲುಗಾಟಕ್ಕೆ ಹೆದರಿ ಅವರು ನಿನ್ನನ್ನು ಇಲ್ಲಿಗೆ ಕಳಿಸುವುದಿಲ್ಲ. ಅದೂ ಸರಿಯೇ. ಏಳು ಹರದಾರಿ ದೂರದಲ್ಲಿ ಕುಳಿತು ಎಲೆ ಹರಿಯುವುದು ಹೇಗೆಂದು ಬರೆಯುವುದಷ್ಟೇ ನನ್ನ ಪಾಲಿಗೆ ಬಂದದ್ದು. ದಿನಾ ಒಂದು ಬಟ್ಟಲು ತಿನ್ನು ಮಗಳೇ. ನನ್ನ ಸಲುವಾಗಿ ಬೇಡ, ಒಳಗಿರುವುದರ ಸಲುವಾಗಿ.

ಮುತ್ತೈದೆಯಾಗಿ, ಮಡಿಲು ತುಂಬಿ ಬಾಳು.

ನಿನ್ನ ಅವ್ವ
ನೀಲಗಂಗಮ್ಮ

ತಾ.ಕ.: ನಿಮ್ಮಪ್ಪ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಕಿಟಕಿಯಲ್ಲೇ ಇಟ್ಟಿದ್ದಾರೆ. ನಿನ್ನ ಮನೆಯ ಕಡೆಯಿಂದ ಬಂದದ್ದೆಂದು ನಾನೂ ಎಸೆದಿಲ್ಲ.

*

ಕಲಬುರಗಿ
ಪುಷ್ಯ ಶುದ್ಧ ತದಿಗೆ

ಚಿ. ಸೌ. ಕಸ್ತೂರಿಗೆ ಅವ್ವನ ಆಶೀರ್ವಾದ.

ಈ ಪತ್ರಕ್ಕೆ ತಡವಾಯಿತೆಂದು ಹೇಳಿಕೊಳ್ಳಲು ನನಗೆ ಬಾಯಿಲ್ಲ. ಇದು ಹದಿಮೂರು ತಿಂಗಳು ತಡವಾಗಿದೆ.

ನಿನ್ನ ಗಂಡ ದೇವೀಂದ್ರಪ್ಪನವರು ಪಡಸಾಲೆಯಲ್ಲಿ ನಿಮ್ಮಪ್ಪನ ಎದುರು ಕುಳಿತಿದ್ದಾರೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗದ ಅನ್ನ ಚೆಲ್ಲಿ ಮೂರು ದಿನವಾಗಿಲ್ಲ, ಹೊಲ ಬಿಟ್ಟು ತಾವೇ ಬಂದಿದ್ದಾರೆ. ಅಳಿಯ ಬಂದರೆ ಹೋಳಿಗೆ ಮಾಡುವ ಮನೆ ಇದು. ಅವರು ಒಂದು ಲೋಟ ನೀರು ಕುಡಿದು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದರು.

ಸಂತ್ರಿ ಆರಕ್ಕಾರೂ ಗೋಡೆಯ ಮಾಡದಲ್ಲಿ ಇಟ್ಟಲ್ಲೇ ಒಣಗಿದವಂತೆ. ನನ್ನ ಪತ್ರವನ್ನು ನೀನು ಓದಿ ಮಡಿಚಿ ದಿಂಬಿನ ಕೆಳಗಿಟ್ಟೆಯಂತೆ, ಆದರೆ ಪಾಲಕ ಮುಟ್ಟಲಿಲ್ಲವಂತೆ. ನಿನ್ನನ್ನು ತಡೆದವರು ನಿಮ್ಮತ್ತೆ ಎಂದು ನಾನು ತಿಳಿದಿದ್ದೆ. ಇಷ್ಟು ದಿನ ಮನಸ್ಸಿನಲ್ಲಿ ಅವರಿಗೆ ಶಾಪ ಹಾಕಿದ್ದೇನೆ, ಅದನ್ನೂ ಬರೆದುಬಿಡುತ್ತೇನೆ. ಅಳಿಯಂದಿರು ಹೇಳಿದ್ದು ಬೇರೆ. ನಿನ್ನ ತುಟಿ ಬಿಳಿಯಾದದ್ದು ಕಂಡು ಸೂಗಮ್ಮನವರೇ ಹಿತ್ತಲಿನ ಪಾಲಕ ಕಿತ್ತು, ನನ್ನ ಪತ್ರವನ್ನು ಮಗನ ಕೈಯಿಂದ ಓದಿಸಿ, ಹೇಳಿದ ಹಾಗೆಯೇ ಪಚಡಿ ಮಾಡಿ, ಬಟ್ಟಲು ಹಿಡಿದು ನಿನ್ನ ಮುಂದೆ ಕುಳಿತರಂತೆ. ನೀನು ಮುಖ ತಿರುಗಿಸಿದೆಯಂತೆ. ಅತ್ತೆ ಕಣ್ಣೀರು ಹಾಕಿದರಂತೆ. ಆ ಹೆಂಗಸು ಅಳುವುದನ್ನು ನಾನು ನೆನೆಸಿಕೊಳ್ಳಲೂ ಆರೆ.

ಆಗ ನೀನು ಆಡಿದ ಮಾತನ್ನು ಅಳಿಯಂದಿರು ನೆಲ ನೋಡುತ್ತಾ ಹೇಳಿದರು. "ಅವ್ವ ಒಲ್ಲೆ ಅಂದ್ರೂ ಉಪ್ಪು ನೋಡು ಅಂದಾಕಿ ನಾನ. ನನ್ನ ಕೈಲೆ ಆಕಿ ಅಂಗೈಯಾಗ ಹಾಕೀನಿ. ನನ್ನ ಕೂಸು ಹೋಗಿದ್ದು ನನ್ನ ಕೈಲೆ. ಆ ಪಚಡಿ ನನ್ನ ಮುಂದ ತರಬ್ಯಾಡ್ರಿ."

ಅಯ್ಯೋ ನನ್ನ ಮಗಳೇ. ವರ್ಷವಿಡೀ ಇದನ್ನು ಹೊತ್ತುಕೊಂಡಿದ್ದೆಯಾ? ಜನ ನನ್ನನ್ನು ಅನ್ನುತ್ತಾರೆ, ಅನ್ನಲಿ ಎಂದು ನಾನು ಇಲ್ಲಿ ಸುಮ್ಮನಿದ್ದೆ. ಆ ಮಾತು ನಿನ್ನ ಎದೆಗೆ ನಾಟಿದೆಯೆಂದು ನನಗೆ ಹೊಳೆಯಲಿಲ್ಲ.

ಕಡೆಗೆ ಅವರು ಕೇಳಿದ್ದು ಇಷ್ಟೇ: "ಅತ್ತಿ, ಏನರ ಬರದು ಕೊಡ್ರಿ. ಆಕಿ ನಮ್ಮ ಮಾತ ಕೇಳವಲ್ಲಳು." ಬರೆದುಕೊಡುತ್ತೇನೆಂದು ಒಳಗೆ ಬಂದೆ. ಏನು ಬರೆಯಲಿ? ಬರಲೇ ಎಂದು ಕೇಳೋಣವೆಂದು ಬಾಗಿಲ ತನಕ ಹೋದೆ, ತಿರುಗಿ ಬಂದೆ. ಅವರು ಬೇಡ ಎನ್ನುತ್ತಿರಲಿಲ್ಲವೇನೋ. ನಾನು ಹೊಸ್ತಿಲು ದಾಟಿ, ಈ ಸಲವೂ ಏನಾದರೂ ಆದರೆ? ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ ಎಂದು ಬರೆಯಲು ಕೈ ಏಳುತ್ತಿಲ್ಲ, ನಂಬುತ್ತೇನೆ ಎಂದು ಬರೆದರೆ ಬದುಕಲಾರೆ. ಖುರ್ಷೀದ್ ಬೇಗಂ ನಕ್ಕುಬಿಡುತ್ತಾಳೆ. ಎಳೆ ಬಸುರು ಎಷ್ಟೋ ಕಾರಣಕ್ಕೆ ನಿಲ್ಲುವುದಿಲ್ಲ, ಒಂದು ತುತ್ತು ಸೊಪ್ಪಿಗೂ ಅದಕ್ಕೂ ಏನು ಸಂಬಂಧ ಎನ್ನುತ್ತಾಳೆ. ಅವಳು ಹೇಳುವಾಗ ಹೌದೆನಿಸುತ್ತದೆ. ಮನೆಗೆ ಬಂದು ದೀಪ ಹಚ್ಚುವಾಗ ಮತ್ತೆ ಅಲ್ಲವೆನಿಸುತ್ತದೆ.

ನಿಮ್ಮಪ್ಪನನ್ನು ಕೇಳಿದರೆ ದೇವರು ಇದ್ದಾನೆ ಎಂದರು. ಇದ್ದಾನೆ, ಆದರೆ ಬಟ್ಟಲು ಹಿಡಿದು ತಿನ್ನಿಸಲು ಬರುವುದಿಲ್ಲವಲ್ಲ.

ಇನ್ನೂ ಹನ್ನೆರಡು ಸಂತ್ರಿ ಕಟ್ಟಿದ್ದೇನೆ. ಪಾಲಕವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ನಾಳೆಯ ತನಕ ಬಾಡುವುದಿಲ್ಲ. ನಿಮ್ಮತ್ತೆಗೆ ನನ್ನ ಶರಣಾರ್ಥಿ ಹೇಳು. ಶಾಪ ಹಾಕಿದ ಬಾಯಿಯಿಂದಲೇ ಹೇಳುತ್ತಿದ್ದೇನೆ ಎಂದೂ ಹೇಳು. ಅವರ ಕೈಯಲ್ಲಿ ತಿನ್ನು, ಇಲ್ಲ ನಿನ್ನ ಕೈಯಿಂದಲೇ ಮಾಡಿಕೊಂಡು ತಿನ್ನು. ನಿನ್ನ ಕೈಯಲ್ಲಿ ಪಾಪವಿಲ್ಲ. ಇದನ್ನು ತಾಯಿ ಸಮಾಧಾನಕ್ಕೆ ಆಡುವ ಮಾತೆಂದು ತಿಳಿಯಬೇಡ. ಯಾಕೆಂದು ಕೆಳಗೆ ಬರೆಯುತ್ತೇನೆ.

ಗುರು ನಿನ್ನನ್ನೂ ನಿನ್ನೊಳಗಿನ ಜೀವವನ್ನೂ ಕಾಯಲಿ. ನಿನಗೆ ಮುಟ್ಟಬೇಕಾದ ಕೇಡು ಯಾವುದಾದರೂ ಇದ್ದರೆ ನನಗೆ ಬರಲಿ.

ನಿನ್ನ ಅವ್ವ

ತಾ.ಕ.: ಈ ಪತ್ರ ತರುವವರು ನಿನ್ನ ಗಂಡ. ಅಂಟು ಹಚ್ಚಿಲ್ಲ. ಅವರು ಹಾದಿಯಲ್ಲಿ ಓದಿದರೂ ಓದಲಿ, ಮನೆಯಲ್ಲಿ ಎಲ್ಲರ ಮುಂದೆ ಓದಿದರೂ ಓದಲಿ. ಆಮೇಲೆ ನಿಮ್ಮ ಹೊಸ್ತಿಲು ನನಗೆ ಸಾಯುವ ತನಕ ಮುಚ್ಚಿದರೂ ಸರಿಯೇ.

ಅಂದು ನಾನು ಬೆಳಗಿನ ಜಾವ ಲಿಂಗಪೂಜೆ ಮುಗಿಸಿ ದೌಲಪ್ಪನ ಬಂಡಿ ಹತ್ತಿದ್ದೆ. ನಿನ್ನ ಕುಬಸದ ಬುತ್ತಿ ಒಂದು ಗಂಟು, ನನ್ನ ಎರಡು ರೊಟ್ಟಿ ಒಂದು ಗಂಟು. ಹಳ್ಳ ದಾಟುವಾಗ ಗಾಲಿ ಜಾರಿತು. ನಿನ್ನ ಬುತ್ತಿ ಉಳಿಯಿತು, ನನ್ನದು ನೀರು ಪಾಲಾಯಿತು. ಬೇಕಾದರೆ ಅವನನ್ನೇ ಕೇಳು. ನಿನಗೆಂದು ತಂದದ್ದನ್ನು ಬಿಚ್ಚಿ ತಿನ್ನಲು ಮನಸ್ಸಾಗಲಿಲ್ಲ. ನಿಮ್ಮ ಮನೆ ಮುಟ್ಟಿದಾಗ ಹೊತ್ತು ವಾಲಿತ್ತು. ನಿಮ್ಮತ್ತೆ ಕೇಳಿದರೆ ಹಾದಿಯಲ್ಲಿ ಉಂಡು ಬಂದೆ ಎಂದೆ. ಬೀಗರ ಮುಂದೆ ಹಸಿದಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ?

ನೀನು ಒಲೆಯ ಮುಂದೆ ಕುಳಿತಿದ್ದೆ. "ಅವ್ವಾ, ನಂದು ಇನ್ನಾ ಸಂಜಿ ಲಿಂಗಪೂಜಿ ಆಗಿಲ್ಲ, ಬಾಯಾಗ ಹಾಕೂವಂಗಿಲ್ಲ, ಉಪ್ಪು ನೀನ ನೋಡು" ಎಂದು, ನಾನು ಒಲ್ಲೆ ಎಂದರೂ ಅಂಗೈಯಲ್ಲಿ ಚಿಟಿಕೆಯಷ್ಟು ಪಚಡಿ ಹಾಕಿದೆ. ಬಿಸಿಯಿತ್ತು, ಬೆಳ್ಳುಳ್ಳಿಯ ವಾಸನೆ, ಲಿಂಬೆಯ ಹುಳಿ. ನಾನು ಉಪ್ಪು ಕಡಿಮೆ ಆಗಿದೆ ಎಂದೆ. ಉಪ್ಪಿನ ಗಡಿಗೆ ಹೊರಗಿನ ಕೋಣೆಯಲ್ಲಿತ್ತು, ನೀನು ಎದ್ದು ಹೋದೆ. ನೀನು ಹೋಗಿ ಬರುವಷ್ಟರಲ್ಲಿ ಬಟ್ಟಲಿಗೆ ಕೈ ಹಾಕಿ ತಿಂದೆ, ಕಸ್ತೂರಿ. ಒಂದಲ್ಲ, ನಾಲ್ಕು ತುತ್ತು. ಸೆರಗಿನಿಂದ ಬಾಯಿ ಒರೆಸುತ್ತಿದ್ದಾಗ ನಿಮ್ಮತ್ತೆ ಬಾಗಿಲಿಗೆ ಬಂದರು, ಹಿಂದೆಯೇ ನೀನೂ ಬಂದೆ. ಬೀಗತಿ ನಮ್ಮ ಮನೆಯಲ್ಲಿ ಉಂಡಳೇ ಎಂದು ಕೇಳಿದರು. ನೀನು ಉಪ್ಪು ಹಿಡಿದ ಕೈಯನ್ನು ಕೆಳಗಿಳಿಸಿ, ಇನ್ನೊಂದು ಕೈಯನ್ನು ಕೊರಳ ಲಿಂಗದ ಮೇಲಿಟ್ಟು, "ನಮ್ಮವ್ವ ಬರೇ ಉಪ್ಪು ನೋಡ್ಯಾಳ್ರಿ, ಆಣಿ ಮಾಡ್ತೇನಿ" ಎಂದೆ. ನಾನು ಗೋಡೆಗೆ ಆತು ನಿಂತು ನೀನು ಆಣೆ ಮಾಡುವುದನ್ನು ನೋಡಿದೆ. ಬೇಡ ಎನ್ನಲಿಲ್ಲ.

ನೀನು ತಿಳಿದು ಸುಳ್ಳಾಡಲಿಲ್ಲ. ಸುಳ್ಳು ನನ್ನದು, ತುತ್ತು ನನ್ನದು. ಕೇಡೆಂಬುದು ಇದ್ದರೆ ಅದೂ ನನ್ನದೇ. ಆಮೇಲೆ ಉಳಿದದ್ದಕ್ಕೆ ನೀನು ಉಪ್ಪು ಹಾಕಿದೆ, ಅಳಿಯಂದಿರು ಉಪ್ಪಾಗಿದೆ ಎಂದು ತಾಟು ಸರಿಸಿದರು. ಅಂದಿನಿಂದ ನಿನಗೆ ಕೈಯಳತೆ ಇಲ್ಲವೆಂದು ಎಲ್ಲರೂ ಆಡಿದರು. ಹೋದ ಪತ್ರದಲ್ಲಿ ನಾನೂ ಆಡಿದೆ.

ನಿನ್ನ ಕೈ ಸರಿಯಾಗಿಯೇ ಇತ್ತು ಮಗಳೇ. ಉಪ್ಪು ಸರಿಯಿತ್ತು. ನನಗೆ ಹಸಿವಾಗಿತ್ತು.